ಕೇಳುಗನ ಹಕ್ಕು, ಕೇಳುಗನ ಋಣ

ಒಂದೇ ಮೈದಾನದಲ್ಲಿ, ಒಂದೇ ರಾತ್ರಿ, ಒಂದೇ ತಂಡದ ಸಂಗೀತವನ್ನು ಕೇಳಿ ಬಂದ ಇಬ್ಬರಲ್ಲಿ ಒಬ್ಬರು ‘ಇಂಥದ್ದನ್ನು ಈವರೆಗೆ ಕೇಳಿರಲಿಲ್ಲ’ ಎಂದು ಹಿಗ್ಗುತ್ತಾರೆ. ಇನ್ನೊಬ್ಬರು ‘ದುಡ್ಡೂ ದಂಡ, ನಿದ್ದೆಯೂ ದಂಡ’ ಎಂದು ಗೊಣಗುತ್ತಾರೆ. ಇವರಲ್ಲಿ ಯಾರ ಮಾತು ಸರಿ? ‘ಅವರವರ ರುಚಿ ಅವರವರಿಗೆ’ ಎಂದು ಕೈತೊಳೆದುಕೊಳ್ಳುವುದು ಸುಲಭ. ಆದರೆ ಗೊಣಗುವವರ ಮಾತನ್ನು ತಾಳ್ಮೆಯಿಂದ ಕೇಳಿದರೆ ಅದರೊಳಗೆ ಎರಡು ದೂರುಗಳಿರುವುದು ತಿಳಿಯುತ್ತದೆ. ‘ನನಗೆ ಹಿಡಿಸಲಿಲ್ಲ’ ಎಂಬುದೊಂದು. ‘ನನಗೆ ಮೋಸವಾಯಿತು’ ಎಂಬುದು ಇನ್ನೊಂದು. ಮೊದಲನೆಯದು ರುಚಿಯ ಮಾತು. ಎರಡನೆಯದು ನ್ಯಾಯದ ಮಾತು. ರುಚಿಯ ಬಗ್ಗೆ ವಾದವಿಲ್ಲದಿರಬಹುದು. ನ್ಯಾಯದ ಬಗ್ಗೆ ವಾದ ಇರಲೇಬೇಕು. ಹಾಡುವವನು ಕೇಳುವವನಿಗೆ ನಿಜವಾಗಿ ಏನನ್ನು ಕೊಡಬೇಕಾಗಿದೆ? ಕೇಳುವವನು ಹಿಂದಿರುಗಿಸಬೇಕಾದದ್ದೇನಾದರೂ ಇದೆಯೇ?

ಈ ಪ್ರಶ್ನೆ ಎಲ್ಲ ಸಂಗೀತಕ್ಕೂ ಅನ್ವಯಿಸುತ್ತದೆ. ಆದರೂ ನಮ್ಮ ಮಕ್ಕಳು ಇಂದು ಕಿವಿಗೊಟ್ಟು ಕೇಳುವ ‘ಪ್ರೋಗ್ರೆಸಿವ್ ರಾಕ್’ ಎಂಬ ಸಂಗೀತದಲ್ಲಿ ಅದು ಹೆಚ್ಚು ತೀಕ್ಷ್ಣವಾಗಿದೆ. 1960ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಈ ಪ್ರಕಾರ ಮೂರು ನಿಮಿಷದ ಹಾಡಿನ ಚೌಕಟ್ಟನ್ನು ಒಡೆಯಿತು. ತಾಳ ನಡುವೆಯೇ ಬದಲಾಗುತ್ತದೆ. ಹಾಡು ನಿಂತು ವಾದ್ಯಗಳು ಬಹಳ ಹೊತ್ತು ಮಾತಾಡುತ್ತವೆ. ಜೆತ್ರೋ ಟಲ್ ತಂಡದ 1972ರ ಒಂದು ಧ್ವನಿಮುದ್ರಿಕೆಯಲ್ಲಿ ತಟ್ಟೆಯ ಎರಡೂ ಬದಿಗೆ ಹರಡಿಕೊಂಡಿರುವುದು ಒಂದೇ ಹಾಡು. ಇಂಥ ಸಂಗೀತವನ್ನು ಜನ ಮೊದಲು ಮನೆಯಲ್ಲಿ ಒಬ್ಬರೇ ಕೂತು, ನೂರು ಸಲ ಕೇಳಿ, ಪ್ರತಿಯೊಂದು ತಿರುವನ್ನೂ ಬಾಯಿಪಾಠ ಮಾಡಿಕೊಂಡಿರುತ್ತಾರೆ. ಆಮೇಲೆ ಎದುರಿಗೆ ಕೇಳಲು ಹೋಗುತ್ತಾರೆ. ಹೋಗುವಾಗ ಕಿವಿಯಲ್ಲಿ ಒಂದು ಹಾಡನ್ನು ಹೊತ್ತುಕೊಂಡೇ ಹೋಗುತ್ತಾರೆ. ಅಲ್ಲಿ ಸಿಗುವುದು ಇನ್ನೊಂದು ಹಾಡು. ಜಗಳ ಹುಟ್ಟುವುದು ಈ ಎರಡರ ನಡುವೆ.

ಇದು ದೂರದ ಮಾತೂ ಅಲ್ಲ. ಕೊಚ್ಚಿಯಲ್ಲಿ 1996ರಲ್ಲಿ ಆರಂಭವಾದ ಮದರ್‌ಜೇನ್ ತಂಡದಲ್ಲಿ ಬೈಜು ಧರ್ಮಜನ್ ಅವರು ಗಿಟಾರಿನಲ್ಲಿ ಕರ್ನಾಟಕ ಸಂಗೀತದ ಗಮಕಗಳನ್ನು ನುಡಿಸಿದರು. 2003ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ‘ಅಗಂ’ ತಂಡ ತ್ಯಾಗರಾಜರ ಕೃತಿಗಳನ್ನೂ ಸ್ವಾತಿ ತಿರುನಾಳರ ತಿಲ್ಲಾನವನ್ನೂ ಡ್ರಮ್ಸ್, ಗಿಟಾರುಗಳ ನಡುವೆ ತಂದು ನಿಲ್ಲಿಸಿತು. ಅದರ ಹಾಡುಗಾರ ಹರೀಶ್ ಶಿವರಾಮಕೃಷ್ಣನ್ ಶೊರ್ನೂರಿನವರು. ತಂಡದ ಊರು ಬೆಂಗಳೂರು. ಹಾಡಿನ ಭಾಷೆ ತೆಲುಗು, ಮಲಯಾಳ, ತಮಿಳು. ಹಂಸನಾದದಲ್ಲಿರುವ ‘ಬಂಟುರೀತಿ ಕೊಲು’ ಕೃತಿಯನ್ನು ಈ ತಂಡದಿಂದಲೇ ಮೊದಲು ಕೇಳಿದ ಹುಡುಗರಿದ್ದಾರೆ. ಅದೇ ಕೃತಿಯನ್ನು ಕಚೇರಿಯಲ್ಲಿ ಕೇಳಿ ಬೆಳೆದವರು ‘ಇಷ್ಟು ಗದ್ದಲ ಯಾಕಪ್ಪಾ’ ಎನ್ನುವುದೂ ಉಂಟು. ಹರೀಶ್ ಅವರು ಹಳೆಯ ಮಲಯಾಳ ಸಿನಿಮಾ ಹಾಡುಗಳನ್ನು ಆಲಾಪನೆ ಸೇರಿಸಿ ವಿಸ್ತರಿಸಿ ಹಾಡಿದಾಗಲೂ ಕೇರಳದ ಕೇಳುಗರಲ್ಲಿ ಇದೇ ಎರಡು ಪಕ್ಷಗಳಾದವು.

ನಮ್ಮ ವಯನಾಡಿನಿಂದ ಇಂಥ ಕಾರ್ಯಕ್ರಮಕ್ಕೆ ಬೆಂಗಳೂರಿಗೆ ಹೋಗುವುದೆಂದರೆ ಸಣ್ಣ ಕೆಲಸವಲ್ಲ. ಸುಲ್ತಾನ್ ಬತ್ತೇರಿಯಿಂದ ಮುತ್ತಂಗ ದಾಟಿ ಗುಂಡ್ಲುಪೇಟೆಗೆ ಹೋಗುವ ದಾರಿ ಬಂಡೀಪುರದ ಕಾಡಿನೊಳಗೆ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ರಾತ್ರಿಯೇ ಹೊರಟು ಬರಬೇಕೆಂದರೆ ಹುಣಸೂರು, ಗೋಣಿಕೊಪ್ಪ, ಕುಟ್ಟ ಎಂದು ಸುತ್ತಿ ಬರಬೇಕು. ಇಲ್ಲವಾದರೆ ಅಲ್ಲೇ ತಂಗಬೇಕು. ಹೀಗೆ ಹೋದವರ ನಿರೀಕ್ಷೆ ಬೆಂಗಳೂರಿನಲ್ಲೇ ಇರುವವರ ನಿರೀಕ್ಷೆಗಿಂತ ಭಾರವಾಗಿರುತ್ತದೆ. ದೂರದಿಂದ ಬಂದವನಿಗೆ ಹೆಚ್ಚು ಕೊಡಬೇಕೆಂಬ ನಿಯಮ ಯಾವ ಸಂಗೀತಗಾರನಿಗೂ ಇಲ್ಲ. ಆದರೂ ದೂರದಿಂದ ಬಂದವನ ನಿರಾಶೆ ದೊಡ್ಡದೇ. ಅದು ಸಹಜ, ಆದರೆ ನಮ್ಮ ಪ್ರಯಾಣದ ಆಯಾಸವನ್ನು ಹಾಡುಗಾರನ ಲೆಕ್ಕಕ್ಕೆ ಬರೆಯುತ್ತಿದ್ದೇವೆಯೇ ಎಂದು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು.

ಈಗ ದೂರುಗಳನ್ನೇ ಬಿಡಿಸಿ ನೋಡೋಣ. ‘ಧ್ವನಿಮುದ್ರಿಕೆಯಲ್ಲಿದ್ದ ಹಾಗೆ ಹಾಡಲಿಲ್ಲ’ ಎಂದು ಒಬ್ಬರು. ‘ಧ್ವನಿಮುದ್ರಿಕೆಯಲ್ಲಿದ್ದುದನ್ನೇ ಒಪ್ಪಿಸಿದರು, ಅದಕ್ಕೆ ಇಷ್ಟು ದೂರ ಬರಬೇಕಿತ್ತೇ’ ಎಂದು ಇನ್ನೊಬ್ಬರು. ಇವೆರಡನ್ನೂ ಒಬ್ಬ ಹಾಡುಗಾರ ಒಂದೇ ರಾತ್ರಿ ತೀರಿಸಲಾರ. ‘ನನ್ನ ಇಷ್ಟದ ಹಾಡು ಬರಲೇ ಇಲ್ಲ’ ಎಂಬುದೂ ಬೇಸರವೇ ಹೊರತು ಮೋಸವಲ್ಲ. ಆದರೆ ‘ಎರಡು ಗಂಟೆ ತಡವಾಗಿ ಶುರು ಮಾಡಿದರು’, ‘ಧ್ವನಿವರ್ಧಕದ ಅಬ್ಬರದಲ್ಲಿ ಒಂದು ಶಬ್ದವೂ ತಿಳಿಯಲಿಲ್ಲ’ ಎಂಬ ದೂರುಗಳು ಬೇರೆ ಜಾತಿಯವು. ಹೇಳಿದ ಹೊತ್ತಿಗೆ ಬರುವುದು, ಹಾಡಿದ್ದು ಕೇಳಿಸುವಂತೆ ನೋಡಿಕೊಳ್ಳುವುದು, ಎದುರಿಗಿರುವವರನ್ನು ಮನುಷ್ಯರೆಂದು ಭಾವಿಸುವುದು, ಇವು ಟಿಕೇಟಿನೊಂದಿಗೆ ಬಂದ ಸಾಲ. ಅದನ್ನು ತೀರಿಸದಿದ್ದರೆ ದೂರುವ ಹಕ್ಕು ನಮಗಿದೆ. ನಮ್ಮ ನೆನಪಿನಲ್ಲಿರುವ ಹಾಡನ್ನು ನಮಗೇ ತಿರುಗಿ ಕೊಡುವುದು ಆ ಸಾಲದಲ್ಲಿ ಸೇರಿಲ್ಲ.

ಈ ಸಂಗೀತದ ಚರಿತ್ರೆಯಲ್ಲಿ ಎರಡು ಪ್ರಸಂಗಗಳು ಪ್ರಸಿದ್ಧವಾಗಿವೆ. ‘ಯೆಸ್’ ಎಂಬ ತಂಡ 1973ರ ಕೊನೆಯಲ್ಲಿ ಒಂದು ಜೋಡಿ ಧ್ವನಿಮುದ್ರಿಕೆಯನ್ನು ಹೊರತಂದಿತು. ನಾಲ್ಕು ಬದಿ, ನಾಲ್ಕೇ ಹಾಡು, ಒಟ್ಟು ಸುಮಾರು 80 ನಿಮಿಷ. ಪರಮಹಂಸ ಯೋಗಾನಂದರ ಆತ್ಮಕಥೆಯ ಒಂದು ಅಡಿಟಿಪ್ಪಣಿಯೇ ಅದಕ್ಕೆ ಪ್ರೇರಣೆ ಎಂಬುದು ನಮಗೆ ಕುತೂಹಲದ ಸಂಗತಿ. ಮುದ್ರಿಕೆ ಅಂಗಡಿಗೆ ಬರುವ ಮೊದಲೇ ತಂಡ ಅದನ್ನು ಇಂಗ್ಲೆಂಡಿನ ವೇದಿಕೆಗಳಲ್ಲಿ ಇಡಿಯಾಗಿ ನುಡಿಸತೊಡಗಿತು. ಎಂದೂ ಕೇಳಿರದ ಅಷ್ಟು ದೀರ್ಘ ಸಂಗೀತದ ಮುಂದೆ ಕೆಲವರು ಮೈಮರೆತರು, ಕೆಲವರು ಆಕಳಿಸಿದರು. ತಂಡದ ಕೀಬೋರ್ಡ್ ವಾದಕ ರಿಕ್ ವೇಕ್‌ಮನ್‌ಗೇ ಅದು ರುಚಿಸಲಿಲ್ಲ. ಮ್ಯಾಂಚೆಸ್ಟರಿನಲ್ಲಿ ಕಾರ್ಯಕ್ರಮ ನಡೆಯುತ್ತಿರುವಾಗಲೇ ಆತ ವೇದಿಕೆಯ ಮೇಲೆ ಭಾರತೀಯ ಮಸಾಲೆಯ ಊಟ ತರಿಸಿಕೊಂಡು ತಿಂದದ್ದು ಇಂದಿಗೂ ನಗೆಯ ಕಥೆ. 1974ರಲ್ಲಿ ಆತ ತಂಡವನ್ನೇ ಬಿಟ್ಟ. ನುಡಿಸುವವರಲ್ಲೇ ಒಮ್ಮತವಿಲ್ಲದಾಗ ಕೇಳುವವರಲ್ಲಿ ಒಮ್ಮತ ಎಲ್ಲಿಂದ ಬರಬೇಕು? ಆದರೂ ಅಲ್ಲಿ ಮೋಸ ನಡೆಯಲಿಲ್ಲ. ತಾವು ನಂಬಿದ್ದನ್ನು ಜನರ ಮುಂದಿಟ್ಟು ಅಪಾಯಕ್ಕೆ ಒಡ್ಡಿಕೊಂಡರು, ಅಷ್ಟೆ.

ಎರಡನೆಯ ಪ್ರಸಂಗ ಅಷ್ಟು ಹಗುರವಲ್ಲ. 1977ರ ಜುಲೈ 6ರಂದು ಕೆನಡಾದ ಮಾಂಟ್ರಿಯಲ್ ಒಲಿಂಪಿಕ್ ಕ್ರೀಡಾಂಗಣದಲ್ಲಿ ಪಿಂಕ್ ಫ್ಲಾಯ್ಡ್ ತಂಡದ ರೋಜರ್ ವಾಟರ್ಸ್, ಮುಂದೆ ನಿಂತು ಗಲಾಟೆ ಮಾಡುತ್ತಿದ್ದ ಅಭಿಮಾನಿಯೊಬ್ಬನ ಮೇಲೆ ಉಗುಳಿದರು. ಆಮೇಲೆ ತಮ್ಮ ಕೃತ್ಯಕ್ಕೆ ತಾವೇ ಹೇಸಿ, ಹಾಡುಗಾರನಿಗೂ ಜನರಿಗೂ ನಡುವೆ ಎದ್ದು ನಿಂತ ಗೋಡೆಯ ಬಗ್ಗೆ ಯೋಚಿಸಿದರು. 1979ರ ‘ದ ವಾಲ್’ ಹುಟ್ಟಿದ್ದು ಹಾಗೆ. 1980 ಮತ್ತು 81ರ ಪ್ರದರ್ಶನಗಳಲ್ಲಿ ವೇದಿಕೆಗೂ ಸಭೆಗೂ ನಡುವೆ ನಿಜವಾದ ಗೋಡೆಯನ್ನೇ ಕಟ್ಟಿದರು. ಅದೇ ವಾಟರ್ಸ್ 2002ರಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೂ ಬಂದು ಹಾಡಿದರು. ಉಗುಳಿದ್ದು ಹಾಡುಗಾರನ ತಪ್ಪು, ಅದಕ್ಕೆ ಸಮರ್ಥನೆಯಿಲ್ಲ. ಆದರೆ ಸಾವಿರಾರು ಜನ ಕಿವಿಗೊಟ್ಟಿರುವಾಗ ಕಿರಿಚಾಡುವವನು ಕಾಸು ಕೊಟ್ಟು ಏನನ್ನು ಕೊಂಡಿದ್ದ? ತಾನು ಕೇಳುವ ಅವಕಾಶವನ್ನು ಮಾತ್ರ. ಪಕ್ಕದವನ ಕಿವಿಯನ್ನು ಕೊಂಡಿರಲಿಲ್ಲ. ಇಂದು ಕಿರಿಚುವವರ ಜೊತೆಗೆ, ಮೊಬೈಲನ್ನು ತಲೆಯ ಮೇಲೆ ಎತ್ತಿ ಹಿಡಿದು ಹಿಂದಿನವರ ನೋಟವನ್ನು ಮುಚ್ಚುವವರೂ ಸೇರಿದ್ದಾರೆ. ಕಿಂಗ್ ಕ್ರಿಮ್ಸನ್ ತಂಡ ತನ್ನ ಕೊನೆಯ ವರ್ಷಗಳ ಪ್ರವಾಸಗಳಲ್ಲಿ, ಕಾರ್ಯಕ್ರಮ ಮುಗಿಯುವವರೆಗೆ ಫೋಟೋ ತೆಗೆಯಬೇಡಿ ಎಂದು ಸಭೆಯನ್ನು ಕೇಳಿಕೊಳ್ಳುತ್ತಿತ್ತು. ಕೆಲವರು ಅದನ್ನು ದರ್ಪವೆಂದರು. ಪಕ್ಕದವನ ಕಿವಿ, ಕಣ್ಣುಗಳ ಪರವಾಗಿ ಆಡಿದ ಮಾತೆಂದೂ ಅದನ್ನು ತಿಳಿಯಬಹುದು.

ನಮ್ಮ ಗಡಿನಾಡಿಗೆ ಈ ಸಮಸ್ಯೆ ಹೊಸದೇನಲ್ಲ. ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳನ್ನು ತೆಂಕುತಿಟ್ಟಿನಲ್ಲಿ ಎಷ್ಟು ರಾತ್ರಿ ಆಡಿಲ್ಲ! ಪದ್ಯ ಅದೇ, ಕಥೆ ಅದೇ. ಆದರೆ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ನಿನ್ನೆ ಹೇಳಿದ ಅರ್ಥವನ್ನು ಇಂದು ಹಾಗೆಯೇ ಹೇಳಲಿ ಎಂದು ಯಾರೂ ಬಯಸಲಿಲ್ಲ. ಬೇರೆ ಏನು ಹೇಳುತ್ತಾರೆಂದು ಕೇಳಲಿಕ್ಕೇ ಹೋದರು. ಬಡಗುತಿಟ್ಟಿನ ಕಾಳಿಂಗ ನಾವಡರು ಭಾಗವತಿಕೆಗೆ ಹೊಸ ರಾಗ, ಹೊಸ ವರಸೆಗಳನ್ನು ತಂದಾಗ ಹಿರಿಯರಲ್ಲಿ ಹಲವರು ಹುಬ್ಬುಗಂಟಿಕ್ಕಿದರು, ಯುವಕರು ಮುಗಿಬಿದ್ದರು. ಅವರು 1990ರಲ್ಲಿ, 32ನೆಯ ವಯಸ್ಸಿಗೇ ತೀರಿಕೊಂಡರು. ಇಂದು ಅವರ ಧಾಟಿಯನ್ನೇ ಮಾದರಿಯಾಗಿ ಹಿಡಿದು ಇತರರನ್ನು ಅಳೆಯುವವರಿದ್ದಾರೆ. ಪುರಂದರದಾಸರು ತಮ್ಮ ಪದಗಳನ್ನು ಹಾಡಿದ ಧಾಟಿ ಬರಹದಲ್ಲಿ ಉಳಿದುಬಂದಿಲ್ಲ. ಅವೇ ದಾಸರ ಪದಗಳನ್ನು ಎಂ.ಎಸ್. ಸುಬ್ಬುಲಕ್ಷ್ಮಿಯವರು ಒಂದು ಬಗೆಯಲ್ಲಿ, ಭೀಮಸೇನ ಜೋಶಿಯವರು ಮತ್ತೊಂದು ಬಗೆಯಲ್ಲಿ ಹಾಡಿದರೂ ನಮ್ಮ ಮನೆಗಳು ಎರಡನ್ನೂ ಬರಮಾಡಿಕೊಂಡವು. ಹಾಗಾದರೆ ‘ಮೂಲದಂತೆ ಹಾಡಲಿ’ ಎನ್ನುವಾಗ ಮೂಲವೆಂದರೆ ಯಾವುದು? ಹೆಚ್ಚಿನ ಸಲ ಅದು ನಾವು ಮೊದಲು ಕೇಳಿದ್ದು, ಅಷ್ಟೆ.

ಇಲ್ಲಿಗೆ ನಿಲ್ಲಿಸಿದರೆ ಹೊಸತನದ ಪರವಾಗಿ ತೀರ್ಪು ಕೊಟ್ಟಂತಾಗುತ್ತದೆ. ಆದರೆ ಇನ್ನೊಂದು ಬದಿಯಿದೆ. ಅಲ್ಪಸಂಖ್ಯಾತರಾದ ನಮಗೆ ಅದು ಮುಖ್ಯವಾದ ಬದಿ. ಪನಮರಂ ಕಡೆಯ ನೆಂಟರ ಮನೆಯಲ್ಲಿ ಹಿರಿಯರೂ, ಮೈಸೂರಿನಲ್ಲಿ ಓದುವ ತಮ್ಮನ ಮಗಳೂ ಆಡಿಕೊಂಡ ಮಾತು ಹೀಗಿತ್ತು. ಕಾಲೇಜು ಹುಡುಗರ ತಂಡವೊಂದು ಶಿಶುನಾಳ ಶರೀಫರ ಪದವನ್ನು ಗಿಟಾರು, ಡ್ರಮ್ಸಿನೊಡನೆ ಹಾಡಿದ್ದನ್ನು ಅವಳು ಕೇಳಿ ಬಂದಿದ್ದಳು.

‘ಪದ ಕೇಳಿಸ್ತಾ ಮಗಾ?’

‘ಅರ್ಧ ಕೇಳಿಸ್ತು ದೊಡ್ಡಪ್ಪ. ಆದ್ರೆ ಎಲ್ಲರೂ ಹಾಡಿದ್ರು, ನಾನೂ ಹಾಡ್ದೆ.’

‘ಅರ್ಧ ಪದ ಹಾಡಿ ಬಂದ್ಯಾ?’

‘ಇನ್ನರ್ಧ ನೀವು ಹೇಳಿಕೊಡಿ.’

ಹಿರಿಯರ ಅಸಮಾಧಾನವನ್ನು ಹಳೆಯ ಕಾಲದವರ ಗೊಣಗಾಟವೆಂದು ತಳ್ಳಿಹಾಕಲಾಗದು. ಬೆಂಗಳೂರಿನ ಮಗುವಿಗೆ ಒಂದು ಹಾಡಿನಲ್ಲಿ ಕನ್ನಡದ ಶಬ್ದ ತಪ್ಪಿದರೆ ಬೀದಿಯಲ್ಲಿ, ಬಸ್ಸಿನಲ್ಲಿ, ಅಂಗಡಿಯ ಫಲಕದಲ್ಲಿ ಮತ್ತೆ ಸಿಗುತ್ತದೆ. ಶಾಲೆಯಲ್ಲೂ ಪೇಟೆಯಲ್ಲೂ ಮಲಯಾಳ ಆಡುವ ವಯನಾಡಿನ ಮಗುವಿಗೆ ಕನ್ನಡ ಸಿಗುವುದು ಅಡುಗೆಮನೆಯಲ್ಲಿ, ಹಾಡಿನಲ್ಲಿ, ವರ್ಷಕ್ಕೆರಡು ಮದುವೆಗಳಲ್ಲಿ. ಅಲ್ಲಿಯೂ ಶಬ್ದ ಮುಳುಗಿಹೋದರೆ ಆದ ನಷ್ಟ ರುಚಿಯದಷ್ಟೇ ಆಗುವುದಿಲ್ಲ. ಆದ್ದರಿಂದ ‘ಸಾಹಿತ್ಯ ಕೇಳಿಸಲಿ’ ಎಂದು ಪಟ್ಟು ಹಿಡಿಯುವುದು ನ್ಯಾಯವೇ.

ಅದೇ ಹೊತ್ತಿಗೆ ಇನ್ನೊಂದನ್ನೂ ಗಮನಿಸಬೇಕು. ಆ ಹಿರಿಯರಿಗೆ ಶರೀಫರ ಪದ ಪೂರ್ತಿ ಬಂದದ್ದು ಯಾವುದರಿಂದ? ಸಿ. ಅಶ್ವತ್ಥ್ ಅವರು ಹಾಡಿದ ಕ್ಯಾಸೆಟ್ಟಿನಿಂದ. 1990ರ ‘ಸಂತ ಶಿಶುನಾಳ ಶರೀಫ’ ಚಲನಚಿತ್ರದಿಂದ. ಶರೀಫರು ತೀರಿಕೊಂಡದ್ದು 1889ರಲ್ಲಿ. ನೂರು ವರ್ಷದ ಮೇಲೆ ಅಶ್ವತ್ಥರು ಹಾಡಿದಾಗ ಅದೂ ಹೊಸ ಧಾಟಿಯೇ ಆಗಿತ್ತು. 2008ರಲ್ಲಿ ಮೈಸೂರಿನ ರಘು ದೀಕ್ಷಿತರು ತಮ್ಮ ಮೊದಲ ಧ್ವನಿಮುದ್ರಿಕೆಯಲ್ಲಿ ಶರೀಫರನ್ನು ಗಿಟಾರಿಗೆ ಒಗ್ಗಿಸಿದ್ದು ಅದೇ ದಾರಿಯ ಮುಂದಿನ ಹೆಜ್ಜೆ. ಹೊಸ ಧಾಟಿ ಬಾರದೇ ಹೋಗಿದ್ದರೆ ಆ ಹುಡುಗಿ ಉಳಿದ ಅರ್ಧವನ್ನು ಕೇಳಲು ದೊಡ್ಡಪ್ಪನ ಬಳಿಗೆ ಬರುತ್ತಿದ್ದಳೇ? ಪೂರ್ತಿ ಪದ ಇಟ್ಟುಕೊಂಡು, ಕೇಳುವವರಿಲ್ಲದೆ ಕೂತ ಮನೆಗಳೂ ನಮ್ಮಲ್ಲಿವೆ.

ನಮ್ಮ ಮಾತಿನ ಸ್ಥಿತಿಯೂ ಇದೇ ಅಲ್ಲವೇ? ತಲೆಮಾರುಗಳ ಹಿಂದೆ ಘಟ್ಟದ ಈ ಬದಿಗೆ ಬಂದ ಜೈನ ಗೌಡರ ಮನೆಗಳಲ್ಲಿ, ಗಡಿಯ ಇತರ ಕನ್ನಡ ಮನೆಗಳಲ್ಲಿ ಉಳಿದ ಕನ್ನಡಕ್ಕೆ ಮಲಯಾಳದ ಗಾಳಿ ಸೋಕಿದೆ. ಕೆಲವು ಹಳೆಯ ಶಬ್ದಗಳು ಹಾಗೆಯೇ ನಿಂತಿವೆ. ಮೈಸೂರಿಗೆ ಹೋದಾಗ ಅಲ್ಲಿಯವರು ನಮ್ಮ ಮಾತು ಕೇಳಿ ನಸುನಗುತ್ತಾರೆ. ನಾವು ಅವರ ಇಂಗ್ಲಿಷ್ ಬೆರೆತ ಕನ್ನಡ ಕೇಳಿ ಹುಬ್ಬೇರಿಸುತ್ತೇವೆ. ತಾನು ಮೊದಲು ಕೇಳಿದ್ದೇ ಮೂಲವೆಂಬ ನಂಬಿಕೆ ಇಬ್ಬರಲ್ಲೂ ಇದೆ. ಒಬ್ಬ ಹಾಡುಗಾರ ಹಾಡನ್ನು ಬದಲಿಸಿದ್ದಕ್ಕೆ ಸಿಟ್ಟಾಗುವ ನಾವು, ನಮ್ಮ ಬದಲಾದ ಕನ್ನಡಕ್ಕೆ ಮಾತ್ರ ಔದಾರ್ಯವನ್ನು ಬೇಡಲು ಬರುವುದಿಲ್ಲ. ಬೇಡುವುದಾದರೆ ಕೊಡಲೂ ಬೇಕು.

ಹಾಗೆಂದು ಎಲ್ಲವನ್ನೂ ಮೆಚ್ಚಬೇಕಾಗಿಲ್ಲ. ಹಿಡಿಸದಿದ್ದರೆ ಹಿಡಿಸಲಿಲ್ಲವೆಂದು ಹೇಳುವುದೇ ಪ್ರಾಮಾಣಿಕತೆ. ಆದರೆ ಹೇಳುವಾಗ ತಾನು ಎಲ್ಲಿ ನಿಂತಿದ್ದೆ, ಎಷ್ಟು ಕೇಳಿಸಿತು, ಮನಸ್ಸಿನಲ್ಲಿ ಯಾವ ಹಾಡನ್ನು ಹೊತ್ತು ಹೋಗಿದ್ದೆ ಎಂಬುದನ್ನೂ ಸೇರಿಸಿ ಹೇಳುವುದು ಕೇಳುಗನ ಋಣ. ಧ್ವನಿವರ್ಧಕದ ಪಕ್ಕದಲ್ಲಿ ನಿಂತವನ ಸಾಕ್ಷ್ಯವೂ, ಮೈದಾನದ ನಡುವೆ ಕೂತವನ ಸಾಕ್ಷ್ಯವೂ ನಿಜವಾಗಿರಬಹುದು. ಇಬ್ಬರೂ ತಮ್ಮ ಜಾಗವನ್ನು ಹೇಳಿದರೆ ಮಾತ್ರ ಮೂರನೆಯವನಿಗೆ ಅಲ್ಲಿ ನಡೆದದ್ದೇನೆಂದು ತಿಳಿಯುತ್ತದೆ. ಜಾಗ ಹೇಳದೆ ತೀರ್ಪು ಮಾತ್ರ ಹೇಳುವವನು, ಹಾಡುಗಾರನಿಗೆ ಅನ್ಯಾಯ ಮಾಡುವ ಮೊದಲು ತನ್ನನ್ನು ನಂಬಿ ಕೇಳುವವನಿಗೆ ಅನ್ಯಾಯ ಮಾಡುತ್ತಾನೆ.

ಮುಂದಿನ ಸಲ ನಮ್ಮ ಮನೆಯ ಹುಡುಗರು ಬೆಂಗಳೂರಿನಿಂದ ಇಂಥ ಕಾರ್ಯಕ್ರಮ ಮುಗಿಸಿ, ಕುಟ್ಟದ ದಾರಿಯಲ್ಲಿ ಸುತ್ತಿ ಬಳಸಿ ಬಂದಾಗ ‘ಹೇಗಿತ್ತು?’ ಎಂದು ಕೇಳಿ ಸುಮ್ಮನಾಗುವುದು ಬೇಡ. ‘ಏನು ಕೇಳಿಸಿತು?’ ಎಂದೂ ಕೇಳೋಣ. ಕೇಳಿಸದೆ ಉಳಿದದ್ದು ನಮ್ಮಲ್ಲಿದ್ದರೆ ಹೇಳಿಕೊಡೋಣ.