ಎಷ್ಟು ಪೊದೆ, ಎಷ್ಟು ಗಿಡ?

ಆಗಸ್ಟ್ ತಿಂಗಳಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ರೆಡ್ಮಂಡಿಗೆ ಹೋದವರು ಹಣ್ಣಿಗೆ ದುಡ್ಡು ಕೊಡಬೇಕಾಗಿಲ್ಲ. ಸಮಾಮಿಶ್ ಹೊಳೆಯ ಪಕ್ಕ ನಡೆಯುವವರಿಗೆ, ಸೈಕಲ್ಲಿನವರಿಗೆ ಅಂತ ಒಂದು ಹಾದಿ ಇದೆ. ಹಾದಿಯ ಅಂಚಿಗೆ ಆಳೆತ್ತರಕ್ಕೂ ಮೀರಿದ ಬ್ಲ್ಯಾಕ್‌ಬೆರಿ ಮುಳ್ಳುಪೊದೆ. ಸಂಜೆ ಹೊತ್ತು ಸ್ಟೀಲ್ ಡಬ್ಬಿ ಹಿಡಿದ ನಮ್ಮವರು ಒಬ್ಬಿಬ್ಬರಾದರೂ ಸಿಗುತ್ತಾರೆ. "ಆ ಕಡೆ ಬಿಸಿಲು ಬೀಳತ್ತೆ, ಅಲ್ಲಿಂದು ಸಿಹಿ" ಎಂದು ಕನ್ನಡದಲ್ಲೇ ದಾರಿ ತೋರಿಸುತ್ತಾರೆ.

ಮಗನ ಮನೆಗೆ ಹೋಗಿದ್ದಾಗ ಮೊಮ್ಮಗಳು ನನ್ನನ್ನು ಅಲ್ಲಿಗೆ ಎಳೆದುಕೊಂಡು ಹೋದಳು. "ಅಜ್ಜ, ಇದರ ಹೆಸರು ಹಿಮಾಲಯನ್ ಬ್ಲ್ಯಾಕ್‌ಬೆರಿ. ನಿಮ್ಮೂರಿಂದು." ನನ್ನೂರು ಸಾಗರಕ್ಕೂ ಹಿಮಾಲಯಕ್ಕೂ ನಡುವಿನ ದೂರ ಅವಳಿಗೆ ಲೆಕ್ಕಕ್ಕಿಲ್ಲ. ಸುಳ್ಳು ಯಾಕೆ, ನನಗೂ ಒಂದು ಗಳಿಗೆ ಹೆಮ್ಮೆಯಾಯಿತು.

ಆ ಹೆಸರಿನ ಕತೆ ತಿಳಿದು ಹೆಮ್ಮೆ ರಾತ್ರಿ ಊಟದ ಹೊತ್ತಿಗೇ ಇಳಿಯಿತು. ಈ ಗಿಡವನ್ನು ಅಲ್ಲಿ ಹಬ್ಬಿಸಿದವನು ಕ್ಯಾಲಿಫೋರ್ನಿಯಾದ ಸಾಂಟಾ ರೋಸಾದಲ್ಲಿದ್ದ ಪ್ರಸಿದ್ಧ ಸಸ್ಯ ತಳಿಗಾರ ಲೂಥರ್ ಬರ್ಬ್ಯಾಂಕ್. 1885ರ ಸುಮಾರಿಗೆ ಭಾರತದಿಂದ ಯಾರೋ ಕಳಿಸಿದ ಬೀಜ ಬಿತ್ತಿದ, ಹಣ್ಣಿನ ಗಾತ್ರ ನೋಡಿ ಹಿಗ್ಗಿದ, 'ಹಿಮಾಲಯ ಜೈಂಟ್' ಎಂದು ಹೆಸರಿಟ್ಟು ಮಾರಿದ. ಬೀಜ ಬಂದದ್ದು ಭಾರತದಿಂದಲೇ ಇರಬಹುದು, ಗಿಡ ಮಾತ್ರ ನಮ್ಮದಲ್ಲ. ಇದರ ತವರು ಅರ್ಮೇನಿಯಾದ ಕಡೆ ಎನ್ನುತ್ತಾರೆ. ಸಸ್ಯಶಾಸ್ತ್ರದವರು ಕರೆಯುವುದೂ ರೂಬಸ್ ಅರ್ಮೇನಿಯಾಕಸ್ ಎಂದೇ. ಈಗ ಕ್ಯಾಲಿಫೋರ್ನಿಯಾದಿಂದ ಕೆನಡಾದವರೆಗೆ ಹೊಳೆದಂಡೆ, ರೈಲುದಾರಿ, ಖಾಲಿ ಸೈಟು ಎಲ್ಲಾ ಕಡೆ ಇದೇ. ವಾಷಿಂಗ್ಟನ್ ರಾಜ್ಯದ ಕಾನೂನಿನ ಪ್ರಕಾರ ಇದು ಕಳೆ. ಇದನ್ನು ಮೇಯಿಸಲು ಬಾಡಿಗೆಗೆ ಮೇಕೆಮಂದೆ ಸಿಗುತ್ತದೆ!

ಮರುದಿನ ಮತ್ತೆ ಹೋದೆವು. ಎಲೆ ಮಗುಚಿದರೆ ಹಿಂಬದಿ ಸುಣ್ಣ ಬಳಿದಂತೆ ಬಿಳಿ. ಕೊಂಬೆಗಳು ಬಿಲ್ಲಿನ ಹಾಗೆ ಬಾಗಿ ಆಚೆ ಬೀಳುತ್ತವೆ. ನೆಲ ಮುಟ್ಟಿದ ಒಂದು ತುದಿಯನ್ನು ಹಿಡಿದು ಎಳೆದೆ, ಬರಲಿಲ್ಲ. ಬೇರು ಬಿಟ್ಟಿತ್ತು. ಅಲ್ಲಿಂದ ಇನ್ನೊಂದು ಬಿಲ್ಲು ಹೊರಟಿತ್ತು. ಹಾಗಾದರೆ ನನ್ನೆದುರು ಇರುವುದು ಎರಡು ಗಿಡವೋ ಒಂದೋ?

ನನ್ನನ್ನು ಕಾಡಿದ್ದು ಇನ್ನೊಂದು ಸಂಗತಿ. ಅರ್ಧ ಮೈಲಿ ನಡೆದು ತಿಂದೆ, ಒಂದು ಮೈಲಿ ನಡೆದು ತಿಂದೆ. ಬಿಸಿಲಿನದು ಹೆಚ್ಚು ಸಿಹಿ, ನೆರಳಿನದು ತುಸು ಹುಳಿ, ಅಷ್ಟೇ. ರುಚಿಯ ಜಾತಿ ಬದಲಾಗಲಿಲ್ಲ. ಊರಲ್ಲಿ ಕವಳಿಹಣ್ಣು ಹೀಗಲ್ಲ. ಬ್ಯಾಣದ ಹುಲ್ಲುಗಾವಲಲ್ಲಿ ಒತ್ತೊತ್ತಾಗಿ ನಿಂತ ಎರಡು ಮಟ್ಟಿಗಳಲ್ಲಿ ಒಂದರ ಹಣ್ಣು ಜೇನು, ಪಕ್ಕದ್ದರ ಹಣ್ಣು ಬಾಯಿಗಿಟ್ಟರೆ ಕಣ್ಣು ಮುಚ್ಚಿಹೋಗುವಷ್ಟು ಹುಳಿ. ಶಾಲೆಯ ದಾರಿಯಲ್ಲಿ ಯಾವ ಮಟ್ಟಿ ಯಾರದು ಎಂಬ ಹಂಚಿಕೆ ನಮ್ಮೊಳಗೇ ಆಗಿತ್ತು. ಒಳ್ಳೆಯ ಮಟ್ಟಿಯ ಗುಟ್ಟನ್ನು ಸ್ವಂತ ತಮ್ಮನಿಗೂ ಹೇಳುತ್ತಿರಲಿಲ್ಲ. ನಾಲಿಗೆಯೇ ನಮ್ಮ ಪ್ರಯೋಗಶಾಲೆ.

ಗಿಡ ಒಂದೋ ಬೇರೆಯೋ ಎಂದು ತಿಳಿಯುವ ಇದೇ ಕೆಲಸವನ್ನು ನಿಜವಾದ ಪ್ರಯೋಗಶಾಲೆಯವರು ಎಲೆಯ ಚೂರಿನಲ್ಲಿ ಮಾಡುತ್ತಾರೆ. ಎಳೆ ಎಲೆ ಕಿತ್ತು, ಒಣಗಿಸಿ, ಅರೆದು ಡಿಎನ್‌ಎ ತೆಗೆಯುತ್ತಾರೆ. ಆ ಡಿಎನ್‌ಎಯಲ್ಲಿ ಅಲ್ಲಲ್ಲಿ ಒಂದು ವಿಚಿತ್ರ. ಭಾಗವತರು ಒಂದೇ ಸೊಲ್ಲನ್ನು ತಿರುಗಿ ತಿರುಗಿ ಹಾಡುವ ಹಾಗೆ ಎರಡು ಮೂರು ಅಕ್ಷರದ ತುಣುಕು ಸಾಲಾಗಿ ಮರುಕಳಿಸುತ್ತದೆ. ಒಂದು ಗಿಡದಲ್ಲಿ ಹನ್ನೆರಡು ಸಲ, ಮತ್ತೊಂದರಲ್ಲಿ ಹದಿನೈದು ಸಲ. ಈ ಜಾಗಗಳಿಗೆ ಮೈಕ್ರೋಸ್ಯಾಟಲೈಟ್ ಎನ್ನುತ್ತಾರೆ. ಹೆಚ್ಚಾಗಿ ಅರ್ಥಕ್ಕೆ ಬಾಧೆಯಿಲ್ಲ, ಉದ್ದ ಮಾತ್ರ ಬೇರೆ. ಆ ಉದ್ದವೇ ಗುರುತು. ನಮಗೆ ಅಪ್ಪನದೊಂದು, ಅಮ್ಮನದೊಂದು ಎಂದು ಈ ಜಾಗಗಳ ಎರಡು ಪ್ರತಿ. ಈ ಬ್ಲ್ಯಾಕ್‌ಬೆರಿಗೆ ನಾಲ್ಕು. ಹಾಗಾಗಿ ಒಂದೊಂದು ಜಾಗದಲ್ಲಿ ನಾಲ್ಕು ಬೇರೆ ಬೇರೆ ಉದ್ದ ಸಿಗಬಹುದು. ಇಂಥ ಹಲವು ಜಾಗಗಳಲ್ಲಿ ಎರಡು ಎಲೆಗಳ ಅಳತೆ ಒಂದೂ ತಪ್ಪದೆ ಕೂಡಿಬಂದರೆ ಅದನ್ನು ಕಾಕತಾಳೀಯ ಎನ್ನುವ ಹಾಗಿಲ್ಲ.

1984ರಲ್ಲಿ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಅಲೆಕ್ ಜೆಫ್ರಿಸ್ ಎಂಬ ವಿಜ್ಞಾನಿ ಇಂಥದೇ ಮರುಕಳಿಕೆಗಳನ್ನು ಹಿಡಿದು ಮನುಷ್ಯರ ಡಿಎನ್‌ಎ ಬೆರಳಚ್ಚು ಕಂಡುಕೊಂಡ. ಅದು ಕೋರ್ಟು ಕಚೇರಿ ಹತ್ತಿತು, ಯಾವ ಮಗು ಯಾರದೆಂದು ಹೇಳಿತು. ಆರೇ ವರ್ಷದಲ್ಲಿ, 1990ರ ಹೊತ್ತಿಗೆ, ಸಸ್ಯವಿಜ್ಞಾನಿಗಳಾದ ಹಿಲ್ಡೆ ನಿಬೊಮ್ ಮತ್ತು ಬಾರ್ಬರಾ ಶಾಲ್ ಅದೇ ಬಗೆಯ ವಿದ್ಯೆಯನ್ನು ರಾಸ್ಪ್‌ಬೆರಿ, ಬ್ಲ್ಯಾಕ್‌ಬೆರಿಗಳ ಕಾಡುಪೊದೆಗಳ ಮೇಲೆ ಪ್ರಯೋಗಿಸಿದ್ದರು. ಮರುಕಳಿಕೆಗಳನ್ನು ಹುಡುಕಲು ಅವರು ಬಳಸಿದ ಡಿಎನ್‌ಎ ತುಣುಕು ಬಂದದ್ದು ಬ್ಯಾಕ್ಟೀರಿಯಾಕ್ಕೆ ತಗಲುವ ಎಂ13 ಎಂಬ ವೈರಸ್ಸಿನಿಂದ. ವೈರಸ್ಸಿನ ಸೊಲ್ಲಿಗೆ ಮುಳ್ಳುಪೊದೆ ಓಗೊಟ್ಟಿತು! ಇದನ್ನು ಓದಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಅವರಿಗೆ ರಾಸ್ಪ್‌ಬೆರಿಯಲ್ಲಿ ಬಗೆಬಗೆಯ ಗುರುತು ಸಿಕ್ಕಿತು. ಬ್ಲ್ಯಾಕ್‌ಬೆರಿಯಲ್ಲಿ ಒಂದೇ ಗುರುತು ಮತ್ತೆ ಮತ್ತೆ ಬಂತು.

ಮುಂದೆ ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಅಮೆರಿಕದ ಪಶ್ಚಿಮ ತೀರದ ಬ್ಲ್ಯಾಕ್‌ಬೆರಿ ಎಲೆಗಳನ್ನು ಮೈಕ್ರೋಸ್ಯಾಟಲೈಟ್‌ನಿಂದ ಅಳೆದರು. ನಮ್ಮ ಈ 'ಹಿಮಾಲಯ'ದ ಬಹುಪಾಲು ಪೊದೆಗಳು ಒಂದೇ ಗಿಡದ ತದ್ರೂಪಿಗಳು. ನನ್ನ ನಾಲಿಗೆ ತಪ್ಪಿರಲಿಲ್ಲ.

ಕೊಂಬೆಯ ತುದಿ ಬೇರುಬಿಟ್ಟು ಹಬ್ಬುವುದು ಸರಿ, ಆದರೆ ಅದರಿಂದ ನೂರಾರು ಮೈಲಿ ದಾಟುವುದಿಲ್ಲವಲ್ಲ? ಹಕ್ಕಿ ಹಣ್ಣು ತಿಂದು ಎಲ್ಲೋ ಬೀಜ ಹಾಕುತ್ತದೆ. ಬೀಜ ಅಂದ ಮೇಲೆ ಅಪ್ಪ ಅಮ್ಮ ಬೆರೆತು ಹೊಸದೊಂದು ಹುಟ್ಟಬೇಕು. ಈ ಬ್ಲ್ಯಾಕ್‌ಬೆರಿ ಹೆಚ್ಚಿನ ಸಲ ಹಾಗೆ ಮಾಡುವುದೇ ಇಲ್ಲ. ಹೂವಿಗೆ ಜೇನ್ನೊಣ ಬರುತ್ತದೆ, ಪರಾಗ ಬೀಳುತ್ತದೆ, ಪರಾಗ ಇಲ್ಲದಿದ್ದರೆ ಬೀಜ ಕಟ್ಟುವುದೂ ಇಲ್ಲ. ಆದರೆ ಆ ಪರಾಗ ಭ್ರೂಣದ ಹತ್ತಿರ ಸುಳಿಯುವುದಿಲ್ಲ. ಮೊಳಕೆಗೆ ಬೇಕಾದ ಆಹಾರದ ಚೀಲ ತುಂಬಿಸಿ ಅದರ ಕೆಲಸ ಮುಗಿಯಿತು. ಅಪ್ಪ ಬುತ್ತಿ ಕಟ್ಟಿಕೊಡುತ್ತಾನೆ, ಮಗು ಅಮ್ಮನ ಪಡಿಯಚ್ಚು. ಹಕ್ಕಿ ಹೊತ್ತು ಹಾಕಿದ್ದು ತಾಯಿಯನ್ನೇ.

ಬಟಾಣಿ ಗಿಡಗಳಲ್ಲಿ ಆನುವಂಶಿಕತೆಯ ನಿಯಮ ಕಂಡುಕೊಂಡ ಮೆಂಡೆಲ್ ಹಾಕ್‌ವೀಡ್ ಎಂಬ ಹೂಗಿಡದಲ್ಲಿ ಎಡವಿದ್ದು ಇಂಥ ಬೀಜದಿಂದಲೇ. ಪಾಪ, ಅವನ ಕಾಲಕ್ಕೆ ಈ ವಿಷಯ ಗೊತ್ತಿರಲಿಲ್ಲ. ಬ್ಲ್ಯಾಕ್‌ಬೆರಿಗಳನ್ನು ಬೇರ್ಪಡಿಸಿ ಹೆಸರಿಡುವುದಕ್ಕೆಂದೇ ಒಂದು ಶಾಸ್ತ್ರವಿದೆ, ಬ್ಯಾಟಾಲಜಿ ಅಂತ. ಹೆಸರಲ್ಲಿ 'ಬ್ಯಾಟ್' ಇದ್ದರೂ ಇದಕ್ಕೆ ಬಾವಲಿಯ ಜೊತೆಗಾಗಲಿ ಕ್ರಿಕೆಟ್ಟಿನ ಜೊತೆಗಾಗಲಿ ಸಂಬಂಧವಿಲ್ಲ. ಬ್ರಿಟನ್ ಒಂದರಲ್ಲೇ ಈ ಶಾಸ್ತ್ರದವರು ಮುನ್ನೂರಕ್ಕೂ ಹೆಚ್ಚು ಕಿರುಜಾತಿಗಳನ್ನು ಗುರುತಿಸಿದ್ದಾರೆ. ಯಾಕೆಂದರೆ ಈ ಗಿಡ ಸಂನ್ಯಾಸಿಯೂ ಅಲ್ಲ. ಅಪರೂಪಕ್ಕೆ ಬೆರೆಯುತ್ತದೆ, ಬೆರೆತು ಹುಟ್ಟಿದ ಹೊಸ ರೂಪವನ್ನು ಮತ್ತೆ ಅಚ್ಚು ಹೊಡೆಯಲು ಶುರುಮಾಡುತ್ತದೆ. ಅಮೆರಿಕದಲ್ಲೇ ಸ್ಥಳೀಯ ಜಾತಿಗೂ ಪರದೇಶಿ ಜಾತಿಗೂ ಹುಟ್ಟಿದ ಮಿಶ್ರತಳಿಗಳು ಸಿಕ್ಕಿವೆ, ಅವು ಎರಡೂ ದಾರಿಯಲ್ಲಿ ಮರಿ ಮಾಡುತ್ತವೆ.

ಸ್ಥಳೀಯ ಜಾತಿ ಎಂದೆನಲ್ಲ, ಅದನ್ನು ನನಗೆ ತೋರಿಸಿದ್ದು ಸೊಸೆ. ಹಾದಿ ಬಿಟ್ಟು ಮರಗಳ ನೆರಳಿಗೆ ಹೋದೆವು. ನೆಲಕ್ಕಂಟಿ ಹರಿದ ಸಣ್ಣ ಬಳ್ಳಿ, ಮೂರು ಮೂರು ಎಲೆ, ಸೂಜಿಯಷ್ಟು ಮುಳ್ಳು. ರೂಬಸ್ ಉರ್ಸೈನಸ್. ಇದರಲ್ಲಿ ಗಂಡು ಬಳ್ಳಿಯೇ ಬೇರೆ, ಹೆಣ್ಣು ಬಳ್ಳಿಯೇ ಬೇರೆ. ಬೆರೆಯದೆ ಬೀಜವಿಲ್ಲ. ಹಣ್ಣಿನ ಕಾಲ ಮುಗಿದಿತ್ತು. ಹುಡುಕಿ ಹುಡುಕಿ ಕಡಲೆಕಾಳಿನ ಗಾತ್ರದ್ದು ಎರಡು ಸಿಕ್ಕವು, ಬೇರೆ ಬೇರೆ ಬಳ್ಳಿಯವು. ಒಂದು ಮೊಮ್ಮಗಳಿಗೆ, ಒಂದು ನನಗೆ. "ನಂದು ಹುಳಿ ಅಜ್ಜ, ನಿಮ್ಮದು?" ನನ್ನದು ಸಿಹಿಯಿತ್ತು.

ಬರುವ ಮೇ ತಿಂಗಳಲ್ಲಿ ನಿಮಗೆ ಕವಳಿಹಣ್ಣು ಸಿಕ್ಕರೆ ಎಲ್ಲವನ್ನೂ ಒಂದೇ ಕೊಟ್ಟೆಗೆ ಸುರಿಯಬೇಡಿ. ಒಂದೊಂದು ಮಟ್ಟಿಯದನ್ನು ಬೇರೆ ಬೇರೆ ಇಟ್ಟುಕೊಂಡು ತಿಂದು ನೋಡಿ.