ಸಿಕ್ಕಿದವನ ಋಣ

ದಾರಿಯಲ್ಲಿ ಸಿಕ್ಕಿದ ವಸ್ತು ಯಾರದು? ‘ಸಿಕ್ಕಿದವರಿಗೆ ಸೀರುಂಡೆ’ ಎಂದು ಹೇಳಿಬಿಡುವುದು ಸುಲಭ. ಕಾನೂನು ಮಾತ್ರ ಅದನ್ನು ಒಪ್ಪುವುದಿಲ್ಲ. ಬ್ಯಾಂಕಿನ ಪರೀಕ್ಷೆಗಳಿಗಾಗಿ ನಾವು ಉರುಹೊಡೆದ 1872ರ ಕರಾರು ಕಾಯಿದೆಯ 71ನೆಯ ಕಲಮಿನ ಪ್ರಕಾರ, ಪರರ ವಸ್ತು ಸಿಕ್ಕಿ ಅದನ್ನು ಎತ್ತಿಕೊಂಡವನು ಅದರ ಒಡೆಯನಾಗುವುದಿಲ್ಲ. ನಂಬಿ ಒಪ್ಪಿಸಿದ ಸೊತ್ತನ್ನು ಕಾಯುವವನ ಹೊಣೆಯೇ ಅವನ ಮೇಲೂ ಬೀಳುತ್ತದೆ. 1878ರಲ್ಲಿ ಬ್ರಿಟಿಷರು ಮಾಡಿದ ನಿಧಿ ಕಾಯಿದೆ ಇನ್ನೂ ಬಿಗಿಯಾಗಿತ್ತು. ನೆಲದಲ್ಲಿ ಅಡಗಿದ್ದ, ಹತ್ತು ರೂಪಾಯಿಗೆ ಮೀರಿದ ಬೆಲೆಯ ಯಾವುದು ಸಿಕ್ಕಿದರೂ ಕಲೆಕ್ಟರರಿಗೆ ತಿಳಿಸಬೇಕೆಂದು ಅದು ವಿಧಿಸಿತ್ತು.

ಇವೆಲ್ಲ ಕಳೆದುಹೋದ ಅಥವಾ ಹೂತಿಟ್ಟ ವಸ್ತುವಿನ ಮಾತಾಯಿತು. ಸಿಕ್ಕಿದವನಿಗಾಗಿಯೇ ಒಬ್ಬರು ಇಟ್ಟುಹೋದದ್ದಾದರೆ? ಇಟ್ಟವನು ಅದನ್ನು ಮರಳಿ ಕೇಳುವುದಿಲ್ಲ. ಪಡೆಯುವವನು ಯಾರೆಂದು ಅವನಿಗೆ ಗೊತ್ತೂ ಇಲ್ಲ. ಆಗ ಸಿಕ್ಕಿದವನಿಗೆ ಯಾವ ಋಣ? ಈ ಪ್ರಶ್ನೆ ನನ್ನ ತಲೆ ಹೊಕ್ಕದ್ದು ಜಿಯೋಕ್ಯಾಚಿಂಗ್ ಎಂಬ ಹವ್ಯಾಸದಿಂದ. ಅದರ ಹೆಸರನ್ನು ನಾನು ಮೊದಲು ಕೇಳಿದ್ದು ಅಮೆರಿಕದಲ್ಲಿರುವ ಸೋದರಳಿಯನ ಬಾಯಲ್ಲಿ. ಅವನಿಗೆ ಅಲ್ಲಿಯ ಸಹೋದ್ಯೋಗಿಯೊಬ್ಬರು ಹೇಳಿದ್ದರಂತೆ.

ಅದರ ಹುಟ್ಟಿನ ಕತೆ ಇಷ್ಟು. ಭೂಮಿಯಿಂದ ಇಪ್ಪತ್ತು ಸಾವಿರ ಕಿಲೋಮೀಟರಿಗೂ ಎತ್ತರದಲ್ಲಿ ಸುತ್ತುವ ಜಿ.ಪಿ.ಎಸ್. ಉಪಗ್ರಹಗಳು ಅಮೆರಿಕದ ಸೈನ್ಯದವು. ನಾಲ್ಕು ಉಪಗ್ರಹಗಳ ಸಂಕೇತ ದೊರೆತರೆ ಕೈಯಲ್ಲಿರುವ ಯಂತ್ರ ನಾವು ನಿಂತ ಜಾಗವನ್ನು ಲೆಕ್ಕ ಹಾಕಿ ಹೇಳುತ್ತದೆ. ಆದರೆ ಶತ್ರುಗಳಿಗೆ ಉಪಯೋಗವಾಗಬಾರದೆಂದು ಸಾರ್ವಜನಿಕರಿಗೆ ಸಿಗುವ ಸಂಕೇತದಲ್ಲಿ ಬೇಕೆಂದೇ ತಪ್ಪು ಬೆರೆಸಿದ್ದರು. ನೂರು ಮೀಟರಿನಷ್ಟು ವ್ಯತ್ಯಾಸವಾಗುತ್ತಿತ್ತು. ನೂರು ಮೀಟರು ತಪ್ಪಿದರೆ ಕಾಡಿನಲ್ಲಿ ಒಂದು ಪೆಟ್ಟಿಗೆಯನ್ನು ಹುಡುಕುವುದು ಹೇಗೆ? 2000ದ ಮೇ 1ರಂದು ಅಧ್ಯಕ್ಷ ಕ್ಲಿಂಟನ್ ಈ ನಿರ್ಬಂಧವನ್ನು ತೆಗೆಯುವುದಾಗಿ ಸಾರಿದರು. ಆ ಮಧ್ಯರಾತ್ರಿ ಕಳೆಯುವಷ್ಟರಲ್ಲಿ ಜನಸಾಮಾನ್ಯರ ಯಂತ್ರಗಳೆಲ್ಲ ಹತ್ತಿಪ್ಪತ್ತು ಮೀಟರಿನೊಳಗೆ ಜಾಗ ತೋರಿಸತೊಡಗಿದವು.

ಮೇ 3ರಂದು ಡೇವ್ ಅಲ್ಮರ್ ಎಂಬವರು ಓರೆಗಾನ್ ರಾಜ್ಯದ ಬೀವರ್‌ಕ್ರೀಕ್ ಬಳಿಯ ಕಾಡಿನಲ್ಲಿ ಒಂದು ಕಪ್ಪು ಬಕೆಟನ್ನು ಇಟ್ಟು ಬಂದರು. ಒಳಗೆ ಒಂದಷ್ಟು ಪುಸ್ತಕ, ಕಂಪ್ಯೂಟರಿನ ಸಾಮಾನು, ಹುಡುಗರ ಕವಣೆ, ಒಂದು ಡಬ್ಬಿ ಬೀನ್ಸ್, ಸ್ವಲ್ಪ ಹಣ ಮತ್ತು ಬಂದವರು ಬರೆಯಲು ಒಂದು ಪುಸ್ತಕ. ಜಾಗದ ಅಕ್ಷಾಂಶ ರೇಖಾಂಶಗಳನ್ನು ಸಮಾನಾಸಕ್ತರಿಗೆ ತಿಳಿಸಿದರು. ಏನಾದರೂ ತೆಗೆದುಕೊಳ್ಳಿ, ಏನಾದರೂ ಇಟ್ಟು ಹೋಗಿ ಎಂಬುದೊಂದೇ ಕರಾರು. ಮೂರು ದಿನಗಳೊಳಗೆ ಇಬ್ಬರು ಅದನ್ನು ಹುಡುಕಿದರು. ಮೊದಲಿಗರಾದ ಮೈಕ್ ಟೀಗ್, ಇತರರು ಇಟ್ಟ ಪೆಟ್ಟಿಗೆಗಳ ಪಟ್ಟಿಯನ್ನೂ ಮಾಡತೊಡಗಿದರು. ಅದೇ ತಿಂಗಳ ಕೊನೆಗೆ ಮ್ಯಾಟ್ ಸ್ಟಮ್ ಎಂಬವರು ಜಿಯೋಕ್ಯಾಚಿಂಗ್ ಎಂಬ ಹೆಸರನ್ನು ಸೂಚಿಸಿದರು. ಜುಲೈಯಲ್ಲಿ ಟೀಗರ ಪಟ್ಟಿ ಜೆರೆಮಿ ಐರಿಷ್ ಎಂಬವರ ಕಣ್ಣಿಗೆ ಬಿತ್ತು. ಸೆಪ್ಟೆಂಬರ್ 2ರಂದು ಅವರು ಅದನ್ನು ಎಲ್ಲರಿಗೂ ಎಟಕುವಂತೆ ಪ್ರಕಟಿಸಿದಾಗ ಲೋಕದಲ್ಲಿದ್ದ ಪೆಟ್ಟಿಗೆಗಳು ಎಪ್ಪತ್ತೈದು. ಈಗ ಮೂವತ್ತು ಲಕ್ಷಕ್ಕೂ ಮಿಕ್ಕಿವೆ. ಮೊದಲ ಬಕೆಟ್ಟಿದ್ದ ಜಾಗದಲ್ಲಿ ಒಂದು ಸ್ಮರಣಫಲಕವಿದೆ.

ಇದಕ್ಕೆ ಹೋಲುವ ಆಟ ಹಿಂದೆಯೂ ಇತ್ತು. ಇಂಗ್ಲೆಂಡಿನ ಡಾರ್ಟ್‌ಮೂರ್ ಬಯಲಿನಲ್ಲಿ 1854ರಲ್ಲಿ ಜೇಮ್ಸ್ ಪೆರಟ್ ಎಂಬ ದಾರಿತೋರುಗ ಕ್ರಾನ್‌ಮಿಯರ್ ಪೂಲ್ ಎಂಬಲ್ಲಿ ಒಂದು ಬಾಟಲಿ ಇಟ್ಟ. ಅಷ್ಟು ದೂರ ನಡೆದು ಬಂದವರು ತಮ್ಮ ಹೆಸರಿನ ಚೀಟಿಯನ್ನು ಅದರಲ್ಲಿ ಹಾಕುತ್ತಿದ್ದರು.

ಜನ ಈ ಹವ್ಯಾಸವನ್ನು ಮೊದಲು ಕಾಣುವ ಬಗೆ ಮೂರು. ಕೆಲವರು ಎಲ್ಲೋ ಓದಿ ಕುತೂಹಲದಿಂದ ಹೊರಡುತ್ತಾರೆ. ಹೆಚ್ಚಿನವರನ್ನು ಗೆಳೆಯರೋ ನೆಂಟರೋ ಕೈಹಿಡಿದು ಕರೆದೊಯ್ಯುತ್ತಾರೆ. ಸುಮಾರು 2008ರಿಂದೀಚೆಗೆ ಜಿ.ಪಿ.ಎಸ್. ಇರುವ ಮೊಬೈಲುಗಳು ಕಿಸೆ ಕಿಸೆಗೆ ಬಂದದ್ದರಿಂದ ಈ ಎರಡು ದಾರಿಗಳೂ ಸಲೀಸಾದವು. ಮೂರನೆಯ ಬಗೆಯವರು ಏನನ್ನೂ ಹುಡುಕಿ ಬಂದವರಲ್ಲ. ಸೌದೆಗೋ ನಾಯಿಯ ಬೆನ್ನಿಗೋ ಹೋದವರು. ಮರದ ಬುಡದ ಪೊಟರೆಯಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿ ಕಂಡು ಮುಚ್ಚಳ ತೆಗೆಯುತ್ತಾರೆ.

ನನ್ನ ಪ್ರಶ್ನೆಗೆ ನಿಜವಾದ ಪರೀಕ್ಷೆ ಇರುವುದು ಈ ಮೂರನೆಯವನಲ್ಲಿ. ಮೊದಲಿನ ಇಬ್ಬರಿಗೆ ನಿಯಮ ಗೊತ್ತು. ತೆಗೆದದ್ದಕ್ಕೆ ಸಮನಾದದ್ದನ್ನೋ ಅದಕ್ಕಿಂತ ಮೇಲಾದದ್ದನ್ನೋ ಇಡಬೇಕು, ಪುಸ್ತಕದಲ್ಲಿ ಹೆಸರು ತಾರೀಕು ಬರೆಯಬೇಕು, ಪೆಟ್ಟಿಗೆಯನ್ನು ಇದ್ದಂತೆಯೇ ಇಡಬೇಕು. ಮೂರನೆಯವನು ಯಾವ ಕರಾರಿಗೂ ಸಹಿ ಹಾಕಿಲ್ಲ. ಅವನು ಡಬ್ಬಿಯನ್ನು ಹೊತ್ತುಕೊಂಡು ಹೋದರೂ ನೋಡುವವರಿಲ್ಲ. ನಾನು ದಿನವೂ ಕಾಣುವ ಲೋಕಕ್ಕೆ ಇದು ತೀರ ವಿರುದ್ಧ. ಬ್ಯಾಂಕಿನ ಲಾಕರಿಗೆ ಎರಡು ಕೀಲಿಕೈಗಳು, ಒಂದು ಗ್ರಾಹಕರದು, ಇನ್ನೊಂದು ನಮ್ಮದು. ಎರಡೂ ಸೇರದೆ ಬಾಗಿಲು ತೆರೆಯದು. ಮನುಷ್ಯನನ್ನು ನಂಬಬಾರದು ಎಂದಲ್ಲ, ನಂಬುವ ಪ್ರಸಂಗವೇ ಬಾರದಿರಲಿ ಎಂದು ಈ ಏರ್ಪಾಡು. ಕಾಡಿನ ಡಬ್ಬಿಗೆ ಇರುವ ಕಾವಲು ಒಳಗಿನ ಒಂದು ಚೀಟಿ ಮಾತ್ರ. ಇದು ಏನು, ಏಕೆ ಇಲ್ಲಿದೆ ಎಂದು ತಿಳಿಸಿ, ನೀವೂ ಸೇರಿಕೊಳ್ಳಿ ಎಂದು ಅದು ಆಕಸ್ಮಿಕವಾಗಿ ಬಂದವನನ್ನು ಕರೆಯುತ್ತದೆ. ಎಷ್ಟೋ ಡಬ್ಬಿಗಳು ಕಳವಾಗುತ್ತವೆ, ನಿಜ. ಆದರೂ ಇಡುವವರು ಇಡುತ್ತಲೇ ಇದ್ದಾರೆ.

ಈ ಆಟದ ಮೇಲೆ ಆಕ್ಷೇಪಗಳೂ ಇವೆ, ಹುರುಳಿಲ್ಲದವಲ್ಲ. ರೈಲು ನಿಲ್ದಾಣದಲ್ಲಿ ವಾರಸುದಾರರಿಲ್ಲದ ವಸ್ತುಗಳನ್ನು ಮುಟ್ಟಬೇಡಿರೆಂದು ನಾವು ನಿತ್ಯ ಕೇಳುತ್ತೇವೆ. ವಿದೇಶಗಳಲ್ಲಿ ಇಂಥ ಡಬ್ಬಿಗಳನ್ನು ಬಾಂಬೆಂದು ಶಂಕಿಸಿ ಪೊಲೀಸರು ಧಾವಿಸಿದ್ದುಂಟು. ಆದ್ದರಿಂದಲೇ ಜಾಗದ ಒಡೆಯರ ಅನುಮತಿ ಬೇಕು, ನೆಲ ಅಗೆದು ಹೂಳಬಾರದು, ಆಹಾರ ಮತ್ತು ಸ್ಫೋಟಕ ಇಡಬಾರದು ಎಂಬ ನಿಯಮಗಳು ಬಂದವು. ಅಲ್ಮರರ ಬೀನ್ಸ್ ಡಬ್ಬಿಗೆ ಇಂದು ಪ್ರವೇಶವಿಲ್ಲ! ಇನ್ನೊಂದು ಆಕ್ಷೇಪ ನನಗೆ ಹೆಚ್ಚು ಮುಖ್ಯ. ಆಟ ಗೊತ್ತಿಲ್ಲದವರನ್ನು ಇವರು ಹ್ಯಾರಿ ಪಾಟರ್ ಕಾದಂಬರಿಗಳಿಂದ ಎರವಲು ತಂದ ‘ಮಗಲ್’ ಎಂಬ ಪದದಿಂದ ಕರೆಯುತ್ತಾರೆ. ಅವರ ಕಣ್ಣು ತಪ್ಪಿಸಿ ಡಬ್ಬಿ ತೆಗೆಯುತ್ತಾರೆ. ಸಾರ್ವಜನಿಕ ಜಾಗದಲ್ಲಿ ಕೆಲವರ ಗುಟ್ಟು ನ್ಯಾಯವೇ? ಗುಟ್ಟು ಇದ್ದ ಮಾತ್ರಕ್ಕೆ ಅನ್ಯಾಯವಾಗದು ಎಂದು ನನ್ನ ಎಣಿಕೆ. ಎಡವಿ ಬಂದವನಿಗೆ ಒಳಗೆ ಬಾಗಿಲಿದೆಯೇ ಎಂಬುದನ್ನು ನೋಡಬೇಕು. ಚೀಟಿ ಇರುವ ಡಬ್ಬಿಯಲ್ಲಿ ಬಾಗಿಲಿದೆ. ಚೀಟಿ ಇಲ್ಲದ್ದು ಬರಿಯ ಬಚ್ಚಿಟ್ಟ ಮಾಲು.

ಗಡಿನಾಡಿನ ನಮಗೆ ಈ ಮಾತು ತಟ್ಟಬೇಕು. ಕನ್ನಡವನ್ನು ಮನೆಯೊಳಗೆ, ಶಾಲೆಯ ಒಂದು ವಿಭಾಗದೊಳಗೆ, ತಾಳಮದ್ದಳೆಯ ಚಾವಡಿಯೊಳಗೆ ಜತನದಿಂದ ಕಾಯುವವರು ನಾವು. ಕಾಯಬೇಕು, ಸಂದೇಹವಿಲ್ಲ. ಆದರೆ ಪಕ್ಕದ ಮನೆಯ ಮಲಯಾಳಿ ಹುಡುಗ ಆಕಸ್ಮಿಕವಾಗಿ ಚಾವಡಿಗೆ ಬಂದು ಕುಳಿತರೆ ಅವನಿಗೆ ಅರ್ಥವಾಗುವ ಒಂದು ಚೀಟಿ ನಮ್ಮಲ್ಲಿದೆಯೇ? ಅವರ ಕಡೆಯಿಂದ ನಮಗೆ? ಎರಡು ಭಾಷೆಯ ಈ ವಾರ್ಷಿಕವನ್ನು ನಾನು ಅಂಥ ಚೀಟಿಯೆಂದೇ ತಿಳಿದಿದ್ದೇನೆ.

ಕಾಣದವನಿಗಾಗಿ ಇಡುವ ಗುಣ ನಮಗೆ ಹೊಸದೂ ಅಲ್ಲ. ಬೇಸಗೆಯ ಅರವಟ್ಟಿಗೆ ಹಾಗೆ ಇಟ್ಟದ್ದು. ತಲೆಹೊರೆ ಇಳಿಸಲೆಂದು ಕೇರಳದ ಹಳೆಯ ದಾರಿಗಳಲ್ಲಿ ನಿಲ್ಲಿಸಿದ ಅಡ್ಡಕಲ್ಲು, ಮಲಯಾಳದವರ ಅತ್ತಾಣಿ, ಹಾಗೆ ಇಟ್ಟದ್ದು. ಅಲ್ಲಿ ನೀರು ಕುಡಿದವನು ಕೊಟ್ಟವನಿಗೆ ಏನನ್ನೂ ತಿರುಗಿ ಕೊಡಲಾರ. ಅವನ ಹೆಸರೇ ಗೊತ್ತಿಲ್ಲ. ಇಂಥ ಋಣ ಹಿಂದಕ್ಕೆ ಸಂದಾಯವಾಗುವುದಲ್ಲ, ಮುಂದಕ್ಕೆ ಸಂದಾಯವಾಗುವಂಥದು. ನಮ್ಮ ಲೆಡ್ಜರುಗಳಲ್ಲಿ ಅದಕ್ಕೆ ಅಂಕಣವಿಲ್ಲ. ಮುಂದೆ ಬರುವವನಿಗೆ ಡಬ್ಬಿ ಬರಿದಾಗಿ ಸಿಗದಂತೆ ಒಳಗೆ ಏನಾದರೊಂದನ್ನು ಇಟ್ಟು, ಮುಚ್ಚಳ ಭದ್ರಮಾಡಿ ಎದ್ದುಹೋದರೆ ಆ ಲೆಕ್ಕ ಚುಕ್ತಾ.