ಒಳಗೆ ಬಿಟ್ಟ ಬಟ್ಟೆ

'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂಬ ಗಾದೆಯನ್ನು ನಾನು ಉಳಿದವರಿಗಿಂತ ಹೆಚ್ಚು ಸಲ ಕೇಳಿದ್ದೇನೆ. ನಮ್ಮಜ್ಜಿ ಅದನ್ನು ಹೇಳುತ್ತಿದ್ದುದು ಖರ್ಚಿನ ವಿಷಯಕ್ಕಲ್ಲ, ನನ್ನ ಕಾಲಿನ ವಿಷಯಕ್ಕೇ. ಹತ್ತನೇ ಕ್ಲಾಸು ಮುಗಿಯುವಷ್ಟರಲ್ಲಿ ನಾನು ಐದಡಿ ಒಂಬತ್ತಿಂಚು ಆಗಿಬಿಟ್ಟಿದ್ದೆ. ರಾತ್ರಿ ನನ್ನ ಪಾದಗಳು ಚಾಪೆಯ ಹೊರಗೇ ಮಲಗುತ್ತಿದ್ದವು. "ಇನ್ನು ಸಾಕು ಕಣೇ, ನಿಲ್ಲಿಸು" ಎನ್ನುತ್ತಿದ್ದರು ಅಜ್ಜಿ, ಬೆಳೆಯುವುದು ನನ್ನ ಹಟವೋ ಎಂಬಂತೆ. ಮುಂದೆ ಹೆಣ್ಣು ನೋಡಲು ಬಂದವರಿಗೆ ಕಾಫಿ ತಟ್ಟೆ ಹಿಡಿದು ಹೊರಟಾಗ ಅಮ್ಮ ಕಿವಿಯಲ್ಲಿ, "ಸ್ವಲ್ಪ ಬಗ್ಗಿ ನಡಿ" ಎಂದಿದ್ದಳು. ಆ ಬಾಗು ನನ್ನ ಭುಜದಲ್ಲಿ ಇವತ್ತಿಗೂ ಉಳಿದಿದೆ.

ಸೀರೆ ಮಾತ್ರ ನನ್ನನ್ನು ಎಂದೂ ಹೀಗಳೆಯಲಿಲ್ಲ. ಐದೂವರೆ ಮೀಟರಿನ ಸೀರೆಗೆ ಸೈಜೆಂಬುದೇ ಇಲ್ಲ ನೋಡಿ. ಗಿಡ್ಡಗಿರುವವಳು ಸೊಂಟದಲ್ಲಿ ಹೆಚ್ಚು ಸಿಕ್ಕಿಸಿಕೊಳ್ಳುತ್ತಾಳೆ, ದಪ್ಪಗಿರುವವಳು ಎರಡು ನೆರಿಗೆ ಕಡಿಮೆ ಹಿಡಿಯುತ್ತಾಳೆ. ಸೀರೆಯ ಪನ್ನ ಸುಮಾರು 45 ಇಂಚು ಇರುವುದರಿಂದ ನನ್ನಂಥವಳು ಸಿಕ್ಕಿಸುವಾಗ ಕೊಂಚ ಜಿಪುಣತನ ಮಾಡಬೇಕು, ಅಷ್ಟೇ. ಉಟ್ಟವಳು ಹೇಗಿದ್ದಾಳೋ ಹಾಗೆ ಸೀರೆ ತನ್ನನ್ನು ಹೊಂದಿಸಿಕೊಳ್ಳುತ್ತದೆ. ಪೇಚಾಟವೆಲ್ಲ ರೆಡಿಮೇಡಿನದು.

ಕಳೆದ ತಿಂಗಳು ಮಗಳಿಗೆ ಬೆಂಗಳೂರಿನಲ್ಲಿ ಮೊದಲ ಕೆಲಸ ಸಿಕ್ಕಿತು. ಆಫೀಸಿಗೆ ನಾಲ್ಕು ಜೊತೆ ಬಟ್ಟೆ ಕೊಳ್ಳೋಣವೆಂದು ಶಿವಮೊಗ್ಗದ ಗಾಂಧಿ ಬಜಾರಿಗೆ ಹೋದೆವು. ಅವಳು ನನಗಿಂತ ಒಂದಿಂಚು ಹೆಚ್ಚು. ಮೊದಲನೆಯ ಕುರ್ತಾದ ತೋಳು ಮಣಿಕಟ್ಟಿಗಿಂತ ನಾಲ್ಕು ಬೆರಳು ಮೇಲೆಯೇ ನಿಂತುಬಿಟ್ಟಿತು. ಎರಡನೆಯದರ ಸೊಂಟದ ಹೊಲಿಗೆ ಪಕ್ಕೆಲುಬಿನ ಮೇಲೆ ಬಂದು ಕೂತಿತು. ಪ್ಯಾಂಟು ತಮ್ಮನದನ್ನು ಹಾಕಿಕೊಂಡಂತೆ ಕಂಡಿತು. ಅಂಗಡಿಯ ಹುಡುಗಿ ಪಾಪ, "ಡಬಲ್ ಎಕ್ಸೆಲ್ ನೋಡಿ ಆಂಟಿ" ಎಂದು ತಂದುಕೊಟ್ಟಳು. ಅಗಲಕ್ಕೆ ಇಬ್ಬರು ಹಿಡಿಸುವಂತಿತ್ತು, ಉದ್ದಕ್ಕೆ ಅರ್ಧ ಇಂಚು ಹೆಚ್ಚಿತ್ತು. ಏಳನೆಯ ಬಟ್ಟೆ ಕಳಚಿ ಬಂದಾಗ ನನ್ನ ಬಾಯಿಂದ ಮಾತು ಜಾರಿತು: "ಎಷ್ಟು ಅಂತ ಬೆಳೆದಿದೀಯೇ ನೀನು!"

ಅವಳು ಏನೂ ಅನ್ನಲಿಲ್ಲ. ಕನ್ನಡಿಯ ಮುಂದೆ ನಿಂತಿದ್ದವಳು ಭುಜವನ್ನು ಒಂಚೂರು ಕುಗ್ಗಿಸಿದಳು. ಆ ಬಾಗು ನನಗೆ ಗುರುತಿತ್ತು.

ರಾತ್ರಿ ನಿದ್ದೆ ಬರಲಿಲ್ಲ. ತಪ್ಪು ಯಾರದು? ಅಂಗಡಿಯವನದೇ? ಅವನು ಖರ್ಚಾಗುವುದನ್ನು ತಾನೇ ಇಡುವುದು? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳ ಪ್ರಕಾರ ನಮ್ಮ ದೇಶದ ಹೆಂಗಸರ ಸರಾಸರಿ ಎತ್ತರ ಸುಮಾರು 152 ಸೆಂಟಿಮೀಟರು, ಅಂದರೆ ಐದಡಿಯ ಆಸುಪಾಸು. ಕಾರ್ಖಾನೆಯವನದೇ? ಅವನು ಒಂದು ಮಧ್ಯದ ಅಳತೆಗೆ ನಮೂನೆ ಮಾಡಿ, ಉಳಿದ ಸೈಜುಗಳನ್ನು ಅದರಿಂದಲೇ ಹಿಗ್ಗಿಸಿ ಕುಗ್ಗಿಸಿ, ಹತ್ತಾರು ಪದರ ಬಟ್ಟೆಯನ್ನು ಒಂದೇ ಸಲಕ್ಕೆ ಕತ್ತರಿಸುತ್ತಾನೆ. ಹಿಗ್ಗುವುದು ಹೆಚ್ಚಾಗಿ ಸುತ್ತಳತೆ, ಉದ್ದವಲ್ಲ. ಒಂದು ಉಡುಪಿಗೆ ಒಂದಿಂಚು ಉಳಿಸಿದರೆ ಸಾವಿರ ಉಡುಪಿಗೆ ಎಷ್ಟಾಯಿತು, ಲೆಕ್ಕ ಹಾಕಿ. ಅವರವರ ಮಟ್ಟಿಗೆ ಎಲ್ಲರೂ ಸರಿಯೇ. ಕೊನೆಗೆ ನಾಚಿಕೆ ಮಾತ್ರ ಯಾವ ತಪ್ಪನ್ನೂ ಮಾಡದವಳ ಪಾಲಿಗೆ ಬರುತ್ತದೆ. ನನ್ನನ್ನು ಕೊರೆದದ್ದು ಇದೇ.

ಸರಾಸರಿ ಎಂಬವಳು ನಿಜವಾಗಿ ಎಲ್ಲಾದರೂ ಇದ್ದಾಳೆಯೇ? ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದ ಆರೋಗ್ಯ ವಸ್ತುಸಂಗ್ರಹಾಲಯದಲ್ಲಿ 'ನಾರ್ಮಾ' ಎಂಬ ಹೆಣ್ಣಿನ ಪ್ರತಿಮೆಯಿತ್ತು. ಸಾವಿರಾರು ಯುವತಿಯರ ಅಳತೆಗಳ ಸರಾಸರಿ ತೆಗೆದು ಮಾಡಿದ ಪ್ರತಿಮೆ ಅದು. 1945ರಲ್ಲಿ ಅಲ್ಲಿ ಒಂದು ಸ್ಪರ್ಧೆ ನಡೆಯಿತು. ಒಂಬತ್ತು ಅಳತೆಗಳಲ್ಲಿ ನಾರ್ಮಾಳಿಗೆ ಅತಿ ಹತ್ತಿರವಾದವಳಿಗೆ ಬಹುಮಾನ. 3,864 ಹೆಂಗಸರು ಸ್ಪರ್ಧಿಸಿದರು. ಒಂಬತ್ತರಲ್ಲೂ ಸರಿಹೊಂದಿದವಳು ಒಬ್ಬಳೂ ಸಿಗಲಿಲ್ಲ! ಎಲ್ಲರನ್ನೂ ಸೇರಿಸಿ ಮಾಡಿದ ಹೆಣ್ಣು ಯಾರೊಬ್ಬಳೂ ಆಗಿರಲಿಲ್ಲ. ಹಾಗಿದ್ದರೂ ಇಂಥ ಇಲ್ಲದವಳ ಅಳತೆಗೇ ಬಟ್ಟೆ ಹೊಲಿದು, ಅದು ಮೈಗೆ ಕೂಡದಿದ್ದಾಗ ಇರುವವಳು ತಲೆ ತಗ್ಗಿಸುತ್ತಾಳೆ.

ನಮ್ಮಲ್ಲಿಯೂ 'ಇಂಡಿಯಾ ಸೈಜ್' ಎಂಬ ಯೋಜನೆಯೊಂದು 2018ರಲ್ಲಿ ಘೋಷಣೆಯಾಯಿತು. ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆಯ ಈ ಯೋಜನೆಯ ಗುರಿ ಬೆಂಗಳೂರೂ ಸೇರಿದಂತೆ ಆರು ನಗರಗಳಲ್ಲಿ 25,000 ಜನರ ಮೈಯಳತೆ ತೆಗೆಯುವುದು. ಪರದೇಶದ ಅಳತೆ ಪಟ್ಟಿ ನಂಬಿಕೊಂಡಿರುವುದಕ್ಕಿಂತ ಅದು ಎಷ್ಟೋ ಒಳ್ಳೆಯದು, ಬರಲಿ. ಆದರೆ ಎಂಥ ಪಟ್ಟಿ ಬಂದರೂ ಅದರ ಅಂಚಿನಾಚೆ ಯಾರಾದರೂ ಇದ್ದೇ ಇರುತ್ತಾರೆ. ಅಂಚಿನಾಚೆ ಇರುವವರನ್ನು ನಾವು ಹೇಗೆ ನೋಡುತ್ತೇವೆ ಎಂಬುದಕ್ಕೆ ಪಟ್ಟಿಯಲ್ಲಿ ಉತ್ತರವಿಲ್ಲ.

ಗಂಡಸರ ಅಂಗಡಿಯಲ್ಲಿ ನೋಡಿ. ಪ್ಯಾಂಟಿನ ಕಾಲನ್ನು ಉದ್ದವಾಗಿಯೇ ಬಿಟ್ಟಿರುತ್ತಾರೆ, ಕೊಂಡವನ ಎತ್ತರಕ್ಕೆ ಅಲ್ಲೇ ಮಡಚಿ ಹೊಲಿದು ಕೊಡುತ್ತಾರೆ. ಉದ್ದವಿದ್ದರೆ ಮಡಚಬಹುದು, ಮೋಟಾದರೆ ಏನು ಮಾಡುವುದು ಎಂಬ ತಿಳಿವಳಿಕೆ ವ್ಯಾಪಾರಕ್ಕೆ ಇಲ್ಲವೆಂದಲ್ಲ. ಗಂಡಿನ ಎತ್ತರ ಮನೆಗೆ ಆಸ್ತಿ, ಹೆಣ್ಣಿನ ಎತ್ತರ ಗಂಡು ಹುಡುಕುವವರಿಗೆ ತಲೆನೋವು. ಅದನ್ನು ಅಂಗಡಿ ಕಲಿತದ್ದು ನಮ್ಮ ಮನೆಗಳಿಂದಲೇ ಅಲ್ಲವೇ? ಮಗಳನ್ನು ಕುಗ್ಗಿಸಿದ್ದು ಮೋಟು ಕುರ್ತಾ ಅಲ್ಲ, ನನ್ನ ಮಾತು.

ಹೀಗೆ ಯೋಚಿಸುತ್ತಿದ್ದಾಗ ನನ್ನ ಶಾಲೆಯ ಲಂಗಗಳು ನೆನಪಾದವು. ದರ್ಜಿಗೆ ಅಮ್ಮ ತಪ್ಪದೆ ಹೇಳುತ್ತಿದ್ದಳು: "ಒಳಗೆ ಬಟ್ಟೆ ಬಿಡಿ, ಬೆಳೆಯೋ ಹುಡುಗಿ." ಪ್ರತಿ ಜೂನಿನಲ್ಲಿ ಆ ಮಡಿಕೆಯ ಹೊಲಿಗೆ ಬಿಚ್ಚಿ ಲಂಗ ಇಳಿಸುತ್ತಿದ್ದಳು. ಬಣ್ಣ ಮಾಸದ ಆ ಎರಡಿಂಚಿನ ಪಟ್ಟಿ ನನಗೆ ನಾಚಿಕೆ ತರುತ್ತಿತ್ತು. ಈಗ ಅನಿಸುತ್ತದೆ, 'ಬಗ್ಗಿ ನಡಿ' ಎಂದವಳೂ ಅವಳೇ, ಬಟ್ಟೆ ಬಿಡಿಸಿದವಳೂ ಅವಳೇ. ಮೊದಲನೆಯದು ಜನರಿಗೆ ಹೆದರಿ ಆಡಿದ ಮಾತು. ಎರಡನೆಯದು ನನ್ನನ್ನು ನೋಡಿ ಆಡಿದ್ದು. ನಾನು ಮಗಳಿಗೆ ದಾಟಿಸಲು ಆರಿಸಿಕೊಂಡದ್ದು ಮೊದಲನೆಯದನ್ನು.

ಮರುದಿನ ಬೆಳಿಗ್ಗೆ ಕಾಫಿ ಕೊಡುತ್ತಾ, "ನಿನ್ನೆ ಹಾಗೆ ಅನ್ನಬಾರದಿತ್ತು ಕಣೇ" ಎಂದೆ. "ಬಿಡಮ್ಮ, ಅಭ್ಯಾಸ ಆಗಿದೆ" ಎಂದಳು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಇಬ್ಬರೂ ಮೀಟರುಗಟ್ಟಲೆ ಬಟ್ಟೆ ತೆಗೆಸಿಕೊಂಡು, ನನ್ನ ರವಿಕೆ ಹೊಲಿಯುವ ದರ್ಜಿಯ ಹತ್ತಿರ ಹೋದೆವು. ಅಮ್ಮನ ಕಾಲದಿಂದ ಬಲ್ಲ ಮುದುಕರು. ಕಿವಿಯ ಮೇಲಿದ್ದ ಪೆನ್ಸಿಲು ತೆಗೆದು, ಟೇಪು ಹಿಡಿದು, ಮಗಳ ಬೆನ್ನ ಹಿಂದೆ ನಿಂತರು. ಒಂದು ಸಲ ಅಳೆದರು, ತಲೆಯಾಡಿಸಿ ಮತ್ತೆ ಅಳೆದರು.

"ನೆಟ್ಟಗೆ ನಿಂತ್ಕೊಳ್ಳಮ್ಮ," ಎಂದರು, "ಬಗ್ಗಿದ್ರೆ ಅಳತೆ ತಪ್ಪುತ್ತೆ."

ಅವಳು ನೆಟ್ಟಗೆ ನಿಂತಳು. ಬಾಗಿಲ ಬಳಿ ಬೆಂಚಿನ ಮೇಲೆ ಕೂತಿದ್ದ ನನ್ನ ಬೆನ್ನೂ ನೆಟ್ಟಗಾದದ್ದು ಆಮೇಲೆ ತಿಳಿಯಿತು.